ಅಳಲು ಕನಿಷ್ಠ ಅರ್ಹತೆ: ಒಂದು ಶತಕ

ಕ್ರೀಡಾಪಟುಗಳ ಮನಸ್ಸಿನ ಆರೋಗ್ಯದ ಬಗ್ಗೆ ನಮಗೆ ಕಾಳಜಿ ಇಲ್ಲವೆಂದು ಯಾರೂ ದೂರುವಂತಿಲ್ಲ. ಬೇಕಾದಷ್ಟಿದೆ. ಆದರೆ ಎಲ್ಲವೂ ನಿಯಮದ ಪ್ರಕಾರ. ಆ ನಿಯಮಾವಳಿ ಇದುವರೆಗೆ ಎಲ್ಲೂ ಅಚ್ಚಾಗಿಲ್ಲವಾದ್ದರಿಂದ ಆಟಗಾರರು ಸುಮ್ಮನೆ ಗೊಂದಲಕ್ಕೆ ಬೀಳುತ್ತಿದ್ದಾರೆ. ಅವರ ಅನುಕೂಲಕ್ಕಾಗಿ, ಸಮಸ್ತ ಅಭಿಮಾನಿಗಳ ಪರವಾಗಿ, ಇಲ್ಲಿ ಪ್ರಕಟಿಸುತ್ತಿದ್ದೇನೆ.

ಕನಿಷ್ಠ ಅರ್ಹತೆ: ಒಂದು ಶತಕ ಅಥವಾ ಒಂದು ಪದಕ. 2025ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ ಜೆಮಿಮಾ ರಾಡ್ರಿಗಸ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಔಟಾಗದೆ 127 ಹೊಡೆದು, ಆಸ್ಟ್ರೇಲಿಯಾ ಒಡ್ಡಿದ 339ರ ಗುರಿ ದಾಟಿಸಿದರು. ಆಮೇಲೆ, ಆತಂಕ ಕಾಡುತ್ತಿತ್ತು, ಹೆಚ್ಚುಕಡಿಮೆ ದಿನಾ ಅಳುತ್ತಿದ್ದೆ ಎಂದರು. ದೇಶಕ್ಕೆ ದೇಶವೇ ಕರಗಿತು. ವಾಟ್ಸಾಪ್ ಸ್ಟೇಟಸ್‌ಗಳೆಲ್ಲ ಒದ್ದೆ. ಇದೇ ಮಾತನ್ನು ಹನ್ನೊಂದು ದಿನ ಮುಂಚೆ, ಇಂಗ್ಲೆಂಡ್ ಪಂದ್ಯಕ್ಕೆ ಅವರನ್ನು ಕೈಬಿಟ್ಟಾಗ ಹೇಳಿದ್ದರೆ? "ರೀಲ್ಸ್ ಮಾಡೋದು ಬಿಟ್ಟು ನೆಟ್ಸ್‌ಗೆ ಹೋಗಮ್ಮ" ಎಂದು ನಾವೇ ಚಿಕಿತ್ಸೆ ಬರೆದುಕೊಡುತ್ತಿದ್ದೆವು. ಶತಕದ ಆಮೇಲಿನ ಕಣ್ಣೀರು ಸ್ಫೂರ್ತಿ, ಮುಂಚಿನದು ನೆಪ.

ಅರ್ಹತೆಯ ಅವಧಿ: ನಾಲ್ಕು ದಿನ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈ 31ರಂದು, ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ಎದುರು ಹ್ಯಾಟ್ರಿಕ್ ಬಾರಿಸಿದರು. ಒಲಿಂಪಿಕ್ಸ್ ಹಾಕಿಯಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಹ್ಯಾಟ್ರಿಕ್ ಅದು. ಆಗಸ್ಟ್ 4ರಂದು ತಂಡ ಸೆಮಿಫೈನಲ್ ಸೋತಿತು. ಹರಿದ್ವಾರದ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದರು, ಜಾತಿ ಹಿಡಿದು ಬೈದರು. ಹನ್ನೊಂದು ಜನ ಸೋತ ಪಂದ್ಯಕ್ಕೆ ಒಬ್ಬಳ ಜಾತಿಯಲ್ಲಿ ಕಾರಣ ಹುಡುಕುವ ವಿಜ್ಞಾನ ನಮ್ಮಲ್ಲಿ ಬಹಳ ಮುಂದುವರಿದಿದೆ.

ಆದಾಯ ಮಿತಿ: ಕೋಟಿ ದಾಟಿದವರು ಅರ್ಜಿ ಹಾಕುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ನಮ್ಮ ಆರ್‌ಸಿಬಿಯ ಗ್ಲೆನ್ ಮ್ಯಾಕ್ಸ್‌ವೆಲ್, ದೇಹಕ್ಕೂ ಮನಸ್ಸಿಗೂ ಬಿಡುವು ಬೇಕು, ನನ್ನ ಬದಲು ಬೇರೆಯವರನ್ನು ಆಡಿಸಿ ಎಂದು ತಾವಾಗಿಯೇ ಹಿಂದೆ ಸರಿದರು. "11 ಕೋಟಿ ತಗೊಂಡೋನಿಗೆ ಎಂಥ ಬೇಜಾರು ಮಾರಾಯ?" ಎಂದಿತು ದರ್ಶಿನಿಯ ಮೇಜು. ಮನಸ್ಸು ಕೆಡಲು ಬಿಪಿಎಲ್ ಕಾರ್ಡ್ ಬೇಕು ಎಂಬುದು ವೈದ್ಯರಿಗಿನ್ನೂ ತಿಳಿದಿಲ್ಲ.

ಅವಲಂಬಿತರು: ಆಟಗಾರರ ಮನೆಯವರಿಗೂ ನಮ್ಮ ಸೇವೆ ಉಚಿತ. 2021ರ ಐಪಿಎಲ್ ಎಲಿಮಿನೇಟರ್‌ನಲ್ಲಿ ಆರ್‌ಸಿಬಿಯ ಡ್ಯಾನ್ ಕ್ರಿಶ್ಚಿಯನ್ ಒಂದು ಓವರಿನಲ್ಲಿ 22 ರನ್ ಕೊಟ್ಟರು. ಅಭಿಮಾನಿಗಳು ಹೋಗಿ ಬೈದದ್ದು ಅವರ ಗರ್ಭಿಣಿ ಸಂಗಾತಿಯನ್ನು. ಹುಟ್ಟದ ಮಗುವಿಗೂ 'ಈ ಸಲ ಕಪ್ ನಮ್ದೇ' ಅರ್ಥವಾಗಲಿ ಎಂಬ ಸದುದ್ದೇಶವಿರಬೇಕು.

ಶುಲ್ಕ: 15,000 ಡಾಲರ್. ಇದು ನಮ್ಮದಲ್ಲ, ಅಂತರರಾಷ್ಟ್ರೀಯ ದರ. 2021ರ ಫ್ರೆಂಚ್ ಓಪನ್‌ನಲ್ಲಿ ನವೊಮಿ ಒಸಾಕಾ, ಮನಸ್ಸಿನ ನೆಮ್ಮದಿಗಾಗಿ ಪತ್ರಿಕಾಗೋಷ್ಠಿಗೆ ಬರುವುದಿಲ್ಲ ಎಂದಾಗ ಸಂಘಟಕರು ವಿಧಿಸಿದ ದಂಡ ಅದು.

ಮರುಪರಿಶೀಲನೆ: ತಿರಸ್ಕೃತ ಅರ್ಜಿಗಳಿಗೆ ಅವಕಾಶವಿದೆ, ಹೊಸ ಪದಕ ಲಗತ್ತಿಸಬೇಕು. ಟೋಕಿಯೊದಲ್ಲಿ ಗಾಳಿಯಲ್ಲಿ ತಿರುಗುವಾಗ ದಿಕ್ಕೇ ತಪ್ಪುತ್ತಿದೆ ಎಂದು ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಹಿಂದೆ ಸರಿದಾಗ ಕೆಲವರಿಗೆ ಆಕೆ ಹೇಡಿ. ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದ ಮೇಲೆ ಅದೇ ನಿರ್ಧಾರ ದಿಟ್ಟತನ. ಕತ್ತು ಮುರಿಯದೆ ಉಳಿದದ್ದು ಸರಿಯೇ ಎನ್ನಲು ಮೂರು ವರ್ಷ, ಮೂರು ಚಿನ್ನ ಬೇಕಾಯಿತು.

ಕಾಯುವ ಅವಧಿ: ಸುಮಾರು ಹತ್ತು ವರ್ಷ. ಇದನ್ನು ಶಿಸ್ತಾಗಿ ಪಾಲಿಸಿದವರು ಕೊಡಗಿನ ರಾಬಿನ್ ಉತ್ತಪ್ಪ. 2009ರಿಂದ 2011ರವರೆಗೆ ಖಿನ್ನತೆ, ಸಾಯುವ ಯೋಚನೆ ಎರಡೂ ಕಾಡಿದ್ದನ್ನು ಅವರು ಬಹಿರಂಗವಾಗಿ ಹೇಳಿದ್ದು 2020ರಲ್ಲಿ. ಅಷ್ಟರಲ್ಲಿ ಐಪಿಎಲ್‌ನ ಕಿತ್ತಳೆ ಟೋಪಿಯೂ ಬಂದಿತ್ತು, ದಾಖಲೆ ಪತ್ರಗಳೆಲ್ಲ ಸರಿ ಇದ್ದವು. ಮೆಚ್ಚಿದೆವು.

ಇನ್ನು ಉಳಿದದ್ದು ಹೆಸರಿಲ್ಲದವರ ವಿಭಾಗ. ಜಿಲ್ಲೆಯೊಂದರ ಕ್ರೀಡಾ ಹಾಸ್ಟೆಲ್‌ನ ಹದಿನಾಲ್ಕರ ಹುಡುಗಿ. ಮೊಣಕಾಲು ಊದಿದೆ, ರಾತ್ರಿ ನಿದ್ದೆಯಿಲ್ಲ, ಮನೆಗೆ ಫೋನು ಮಾಡಿದರೆ "ಸೀಟು ಹೋದ್ರೆ ಮುಂದೇನು?" ಎನ್ನುವ ಅಪ್ಪ. ತರಬೇತುದಾರರ ಹತ್ತಿರ ಹೇಳಿಕೊಂಡರೆ, "ಡಿಪ್ರೆಶನ್ನು ಗಿಪ್ರೆಶನ್ನು ಎಲ್ಲಾ ದೊಡ್ಡೋರಿಗೆ, ನೀನು ಇನ್ನೆರಡು ರೌಂಡು ಓಡು." ವರ್ಷಕ್ಕೊಮ್ಮೆ ಮನೋಸ್ಥೈರ್ಯ ಕಾರ್ಯಾಗಾರ ನಡೆಯುತ್ತದೆ, ಗಣ್ಯರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತು ಚಪ್ಪಾಳೆ ತಟ್ಟುತ್ತಾರೆ. ಅವಳ ಮಾತು ಕೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅವಳೇ ಧೈರ್ಯ ಮಾಡಿ ಅರ್ಜಿ ಹಿಡಿದು ಬಂದರೆ ನಮ್ಮ ಉತ್ತರ ಸಿದ್ಧವಾಗಿದೆ: ಮೊದಲು ಪದಕ ತಗೊಂಡು ಬಾರಮ್ಮ, ಆಮೇಲೆ ಅಳುವಿಯಂತೆ.