ಶೇಕಡಾ 0.01ರ ಸಾಹೇಬರು

ಕೊಡಿಗೇನಹಳ್ಳಿಯ ಒಂದು ಮನೆಯ ದೇವರ ಗೂಡಿನಲ್ಲಿ, ಕುಂಕುಮದ ಭರಣಿಗೂ ಕರೆಂಟ್ ಬಿಲ್ಲಿಗೂ ನಡುವೆ, ಕಣ್ಣಿನ ಡ್ರಾಪ್ಸ್ ಬಾಟಲಿಯೊಂದು ಬಿಡಾರ ಹೂಡಿದೆ. ಔಷಧಿಯ ಹೆಸರು ದಪ್ಪಕ್ಷರದಲ್ಲಿದೆ. ಆದರೆ ಸಂದರ್ಶನಕ್ಕೆ ಒಪ್ಪಿದವರು ಲೇಬಲ್ಲಿನ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಡಗಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಸಾಹೇಬರು. ಹುದ್ದೆ, ಪ್ರಿಸರ್ವೇಟಿವ್. ಕಸುಬು, ನಂಜು ಕೊಲ್ಲುವುದು. 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಇವರ ಗುಣಗಾನ ಮಾಡಿದಂದಿನಿಂದ ಇವರಿಗೆ ಪುರುಸೊತ್ತಿಲ್ಲ.

"ಸಾಹೇಬರು ಇಲ್ಲಿ ಮಾಡುವುದಾದರೂ ಏನು?" ಎಂದು ಪತ್ರಿಕೆಯ ಪ್ರತಿನಿಧಿ ಕೇಳಿದ.

"ಅಜ್ಜಿ, ಸೊಸೆ, ಮೊಮ್ಮಗ ಮೂವರಿಗೂ ಇದೊಂದೇ ಬಾಟಲಿ. ಮೂತಿ ಎಲ್ಲರ ರೆಪ್ಪೆಗೂ ತಾಗಿ ಬರುತ್ತದೆ. ಒಳಗೆ ಬ್ಯಾಕ್ಟೀರಿಯಾ ಸಂಸಾರ ಹೂಡದಂತೆ ನೋಡಿಕೊಳ್ಳುವವನು ನಾನು. ಅದೂ ನೂರಕ್ಕೆ 0.01 ಭಾಗದಷ್ಟೇ ಇದ್ದುಕೊಂಡು!"

"ಹೇಗೆ ಕೊಲ್ಲುತ್ತೀರಿ?"

"ನಾನು ಮೂಲತಃ ಸೋಪಿನ ಜಾತಿ. ಜೀವಕೋಶದ ಪೊರೆ ಕೊಬ್ಬಿನದು. ನನ್ನ ಬಾಲ ಅದರೊಳಗೆ ನುಗ್ಗುತ್ತದೆ, ಪೊರೆ ಸೋರುತ್ತದೆ."

"ಕಣ್ಣಿನ ಕೋಶಕ್ಕೂ ಕೊಬ್ಬಿನ ಪೊರೆಯೇ ಅಲ್ಲವೇ?"

ಸಾಹೇಬರು ಕೆಮ್ಮಿದರು. "ಗುರುತಿನ ಚೀಟಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ."

ಪ್ರತಿವಾದಿಯ ಹೇಳಿಕೆಯಿಲ್ಲದೆ ಸಂದರ್ಶನ ಪೂರ್ಣವಾಗದು. ಕಾರ್ನಿಯಾದ ಮೇಲ್ಪದರದ ಕೋಶವೊಂದು ಆತುರಾತುರವಾಗಿ ಮಾತಾಡಿತು. ಅದಕ್ಕೆ ಆಯಸ್ಸೇ ಏಳರಿಂದ ಹತ್ತು ದಿನ. "ಐದಾರು ಸಾಲು ನಿಂತಿದ್ದೇವೆ, ಒಟ್ಟು ದಪ್ಪ 0.05 ಮಿಲಿಮೀಟರ್. ಅಕ್ಕಪಕ್ಕದವರು ಕೈ ಬಿಗಿಹಿಡಿದು ನಿಂತರೇ ನಾವು ಬೇಲಿ. ಇವರು ಬಂದರೆ ಆ ಹಿಡಿತ ಸಡಿಲ. ಕಣ್ಣೀರಿನ ಎಣ್ಣೆ ಪದರ ಒಡೆಯುತ್ತದೆ, ಲೋಳೆ ಸುರಿಸುವ ಗೋಬ್ಲೆಟ್ ಕೋಶಗಳು ಸಾಯುತ್ತವೆ. ನಾಲ್ಕು ದಿನದ ಮಾತಾದರೆ ಕಾರ್ನಿಯಾದ ಅಂಚಿನ ಲಿಂಬಸ್ಸಿನ ಕಾಂಡಕೋಶಗಳು ಹೊಸಬರನ್ನು ಕಳಿಸುತ್ತವೆ. ಗ್ಲಾಕೋಮಾದವರ ಮನೆಯಲ್ಲಿ ದಿನಾ, ವರ್ಷಗಟ್ಟಲೆ! ಹಾಗಂತ ಅವರು ಔಷಧಿ ಬಿಟ್ಟರೆ ಕಣ್ಣಿನ ನರವೇ ಹೋಗುತ್ತದೆ. ಅದಕ್ಕೇ ಸಹಿಸಿಕೊಂಡಿದ್ದೇವೆ."

"ಪೋವಿಡೋನ್ ಅಯೋಡಿನ್‌ನನ್ನು ಯಾರೂ ಬೈಯುವುದಿಲ್ಲ," ಎಂದರು ಸಾಹೇಬರು ಮುನಿಸಿನಿಂದ. ಕೋಶದ ಬಳಿ ಅದಕ್ಕೂ ಉತ್ತರವಿತ್ತು: ಆತನೂ ಕೋಶಗಳನ್ನು ಸುಡುವವನೇ, ಆದರೆ ಕಣ್ಣಿನ ಪೊರೆಯ ಆಪರೇಷನ್ನಿಗೆ ಮುಂಚೆ ಶೇಕಡಾ 5ರ ದ್ರಾವಣವಾಗಿ ಬರುತ್ತಾನೆ, ಕೆಲ ನಿಮಿಷ ಕೆಲಸ ಮಾಡುತ್ತಾನೆ, ತೊಳೆಸಿಕೊಂಡು ಹೊರಡುತ್ತಾನೆ. ಬಿಡಾರ ಹೂಡುವುದಿಲ್ಲ.

ಸಾಹೇಬರು ಆಗ ತಮ್ಮ ದೊಡ್ಡ ಸಾಕ್ಷ್ಯ ತೆಗೆದರು. 2023ರಲ್ಲಿ ಬಯಲಾದ ಸಂಗತಿ: ತಮಿಳುನಾಡಿನಲ್ಲಿ ತಯಾರಾಗಿ ಅಮೆರಿಕಕ್ಕೆ ಹೋದ ಕೃತಕ ಕಣ್ಣೀರಿನ ಬಾಟಲಿಗಳಲ್ಲಿ ಪ್ರಿಸರ್ವೇಟಿವ್ ಇರಲಿಲ್ಲ. ಯಾವ ಔಷಧಿಗೂ ಸುಲಭಕ್ಕೆ ಬಗ್ಗದ ಸೂಡೊಮೊನಾಸ್ ಹೊಕ್ಕಿತು. 81 ಜನರಿಗೆ ಸೋಂಕು, 14 ಜನರ ದೃಷ್ಟಿ ನಷ್ಟ, ನಾಲ್ವರ ಸಾವು. ಕಾರ್ಖಾನೆಯ ಶುಚಿತ್ವವೇ ಸರಿಯಿರಲಿಲ್ಲವೆಂಬುದನ್ನು ಸಾಹೇಬರು ಹೇಳಲಿಲ್ಲ. ಒಮ್ಮೆ ಒಡೆದು ಬಿಸಾಡುವ ಪುಟ್ಟ ಕೊಳವೆಗಳಿಗೆ ತಮ್ಮ ಅಗತ್ಯವೇ ಇಲ್ಲವೆಂಬುದನ್ನೂ. "ಅವು ದುಬಾರಿ," ಎಂದಷ್ಟೇ ಗೊಣಗಿದರು. ಅದು ಸುಳ್ಳಲ್ಲ.

"2023ರ ಮಳೆಗಾಲದಲ್ಲಿ ಕರ್ನಾಟಕಕ್ಕೆಲ್ಲ ಮದ್ರಾಸ್ ಐ ಬಂತಲ್ಲ, ಆಗ ಎಲ್ಲಿದ್ದಿರಿ?"

"ಮನೆಮನೆಯಲ್ಲೂ ಇದ್ದೆ! ಆದರೆ ಅದನ್ನು ತಂದ ವೈರಸ್ಸಿಗೆ ಕೊಬ್ಬಿನ ಪೊರೆಯೇ ಇಲ್ಲ. ನಾನು ಹಿಡಿಯುವುದೆಲ್ಲಿಂದ?"

"ಅಂದರೆ ವೈರಸ್ ಬಚಾವ್, ಕೋಶಕ್ಕೆ ಏಟು."

"ಉರಿದರೆ ಔಷಧಿ ಕೆಲಸ ಮಾಡುತ್ತಿದೆ ಎಂದು ನೀವೇ ತಾನೇ ನಂಬುವುದು? ಕಣ್ಣಲ್ಲಿ ಹಿಡಿಸುವುದು ಹೆಚ್ಚೆಂದರೆ 30 ಮೈಕ್ರೋಲೀಟರ್. ನನ್ನ ಒಂದೇ ತೊಟ್ಟು 30ರಿಂದ 50. ಆದರೂ ಈ ಮನೆಯಲ್ಲಿ 'ಇನ್ನೊಂದು ತೊಟ್ಟು ಇರ್ಲಿ ಬಿಡು' ಅನ್ನುತ್ತಾರೆ. ಮಿಕ್ಕಿದ್ದು ಕೆನ್ನೆಗೆ."

"ಮುಚ್ಚಳ ತೆಗೆದು ಎಷ್ಟು ದಿನವಾಯಿತು?"

"ಯುಗಾದಿಗೆ ತೆಗೆದರು. ತೆರೆದ ನಾಲ್ಕು ವಾರಕ್ಕೆ ಬಿಸಾಡಬೇಕೆಂದು ಪೊಟ್ಟಣದಲ್ಲಿ ಅಚ್ಚು ಹಾಕಿದ್ದರು. ಪೊಟ್ಟಣವನ್ನು ಬಿಸಾಡಿದರು. ಈಗ ರಾಗಿ ಒಕ್ಕಣೆ ಮುಗಿಯುತ್ತಾ ಬಂತು."

ಅಷ್ಟರಲ್ಲಿ ಅಜ್ಜಿ ಬಂದು ಬಾಟಲಿಯನ್ನು ಸೆರಗಿನಲ್ಲಿ ಒರೆಸಿಕೊಂಡರು. "ಕರೀನ ಕಣ್ಣಾಗೂ ನೀರು ಸುರೀತೈತೆ, ತಡೀರಪ್ಪ," ಎಂದು ಕೊಟ್ಟಿಗೆಯ ಕಡೆ ಹೊರಟರು. ಸಾಹೇಬರು ಪ್ರತಿನಿಧಿಗೆ ಕೂಗಿ ಹೇಳಿದ್ದು ಇಷ್ಟು: "ಕರುವಿನ ವಿಷಯ ಮಾತ್ರ ಬರೀಬೇಡಿ!"