ನನ್ನ ದೋಣಿಯ ಅಸಲಿ ಮಾಲೀಕರಿಗೆ

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ದೋಣಿಯೂ ಕ್ಷೇಮ. ನಮ್ಮ ಮನೆಯ ಹಿತ್ತಿಲಲ್ಲಿ, ನಿಂಬೆ ಗಿಡದ ಪಕ್ಕ, ನಿಮ್ಮದೇ ಟ್ರೇಲರಿನ ಮೇಲೆ ನೀಲಿ ಟಾರ್ಪಾಲು ಹೊದ್ದು ಮಲಗಿದೆ. ಮೇಲೆ ‘ನನ್ನ ದೋಣಿ’ ಎಂದು ಬರೆದದ್ದು ಕೈತಪ್ಪು, ಮನ್ನಿಸಿ. 600 ಡಾಲರ್ ಎಣಿಸಿ ಕೊಟ್ಟವನು ನಾನೇ ಆದರೂ ಕ್ಯಾಲಿಫೋರ್ನಿಯಾದ ದಾಖಲೆಯಲ್ಲಿ ಅದು ಇವತ್ತಿಗೂ ನಿಮ್ಮದು.

ನಿಮಗೆ ಕನ್ನಡ ಬರುವುದಿಲ್ಲ, ಗೊತ್ತು. ಇಂಗ್ಲಿಷಿನಲ್ಲಿ ಬರೆದ ಎರಡು ಪತ್ರಗಳು ಸ್ಟಾಕ್ಟನ್ನಿನ ನಿಮ್ಮ ಹಳೆಯ ವಿಳಾಸಕ್ಕೆ ಹೋಗಿ, ಹಳದಿ ಚೀಟಿ ಅಂಟಿಸಿಕೊಂಡು ವಾಪಸು ಬಂದವು. ಹೇಗೂ ಮುಟ್ಟದ ಪತ್ರ. ಬೈಯಲು ಸಲೀಸಾದ ಭಾಷೆಯಲ್ಲೇ ಬರೆದರೆ ನನಗಾದರೂ ಸಮಾಧಾನ.

ನಿಮ್ಮ ಹೆಸರು ಗೊತ್ತಾದದ್ದೂ ಆಕಸ್ಮಿಕವೇ. ಸೀಟಿನ ಕೆಳಗೆ ಗಾಳಗಳ ತಗಡಿನ ಡಬ್ಬಿಯೊಂದಿತ್ತು. ಅದರ ತಳದಲ್ಲಿ, ತುಕ್ಕು ಹಿಡಿದ ಗಾಳ ಚುಚ್ಚಿಕೊಂಡು, ನಿಮ್ಮ ಹಳೆಯ ನೋಂದಣಿ ಚೀಟಿ. ವಿಳಾಸ ಉಳಿದಿದೆ. ಹೆಸರಿನ ಅರ್ಧ ನೀರಿನ ಪಾಲಾಗಿದೆ. ಆ ಅರ್ಧ ಹೆಸರಿಗೆ ನಾನು ದಿನಾ ಕೈಮುಗಿಯುತ್ತೇನೆ.

ನಿಮ್ಮಿಂದ ಕೊಂಡವರು ಯಾರೋ, ಅವರಿಂದ ಕೊಂಡವರು ಇನ್ನಾರೋ. ಕೊನೆಗೆ ನನಗೆ ಮಾರಿದ ಮಹಾನುಭಾವ “ಪೇಪರಾ? ಅದೇನು ಮಹಾ, ಒಂದು ಅರ್ಜಿ ಹಾಕಿದರಾಯಿತು” ಎಂದ. ನಂಬಿದೆ. ನಮ್ಮ ಕಡೆಯ ಸಾಗರ ಪೇಟೆಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವಾಗ ಆರ್‌ಸಿ ಎಲ್ಲಿ, ಇನ್ಶೂರೆನ್ಸ್ ಎಲ್ಲಿ ಎಂದು ಮೂರು ಮೂರು ಸಲ ಕೇಳಿದ್ದ ನಾನು, ಅಮೆರಿಕದಲ್ಲಿ ಕೈ ಕುಲುಕಿದರೆ ಸಾಕು ಎಂದುಕೊಂಡೆ. 14 ಅಡಿಯ ಅಲ್ಯೂಮಿನಿಯಂ ದೋಣಿ, ಒಂದು ಔಟ್‌ಬೋರ್ಡ್ ಎಂಜಿನ್, ಎಳೆದೊಯ್ಯಲು ಟ್ರೇಲರ್, ಇಷ್ಟೂ ಸೇರಿ 600 ಡಾಲರಿಗೆ ಯಾಕೆ ಸಿಗುತ್ತಿದೆ ಎಂದು ಆಗ ಹೊಳೆಯಲಿಲ್ಲ. ಕಾಗದದ ಬೆಲೆಯನ್ನು ಆತ ಮೊದಲೇ ಕಳೆದಿದ್ದ.

ಅರ್ಜಿ ಹಾಕಲು ನೋಂದಣಿ ಕಚೇರಿಗೆ ಹೋದೆ. ಕೌಂಟರಿನ ಹೆಂಗಸು ಪಾಪ, ಬಹಳ ಒಳ್ಳೆಯವರು. ನನ್ನ ಕತೆಯನ್ನೆಲ್ಲ ಕೇಳಿ, “ದೋಣಿ ಇದೆ, ಟ್ರೇಲರ್ ಇದೆ, ನೀವೂ ಇದ್ದೀರಿ. ಮೂವರಿಗೂ ಸಂಬಂಧ ಏನು?” ಎಂದರು. ಇಷ್ಟು ಆಳವಾದ ಪ್ರಶ್ನೆಯನ್ನು ನನಗೆ ಯಾವ ಸ್ವಾಮಿಗಳೂ ಕೇಳಿರಲಿಲ್ಲ.

ದೋಣಿಗೂ ಟ್ರೇಲರಿಗೂ ಕೂಡ ಸಂಬಂಧವಿಲ್ಲ ಎಂದು ಆಮೇಲೆ ತಿಳಿಯಿತು. ಒಂದು ನೀರಿನದು, ಇನ್ನೊಂದು ರಸ್ತೆಯದು. ದೋಣಿಗೆ ‘ಸಿಎಫ್’ ಎಂದು ಶುರುವಾಗುವ ನಂಬರು. ಅದನ್ನು ಮೂತಿಯ ಎರಡೂ ಬದಿಗೆ ಕನಿಷ್ಠ 3 ಇಂಚು ಎತ್ತರದ ಅಕ್ಷರದಲ್ಲಿ ಬರೆಸಬೇಕು. ಟ್ರೇಲರಿಗೆ ಬೇರೆ ಒಡೆತನ ಪತ್ರ, ಬೇರೆ ಪ್ಲೇಟು. ಈ ಒಡೆತನ ಪತ್ರಕ್ಕೆ ಇಲ್ಲಿನವರ ಬಾಯಲ್ಲಿ ಪಿಂಕ್ ಸ್ಲಿಪ್ ಎಂದು ಹೆಸರು. ಐಟಿಯಲ್ಲಿ ಹಾಗೆಂದರೆ ನೌಕರಿ ಹೋಯಿತೆಂದೇ ಅರ್ಥ; ಇಪ್ಪತ್ತು ವರ್ಷ ಆ ಎರಡು ಶಬ್ದ ಕಿವಿಗೆ ಬೀಳದಿರಲಿ ಎಂದು ಹರಕೆ ಹೊತ್ತವನು ನಾನು. ಈಗ ಅದನ್ನೇ ಕೊಡಿ ಎಂದು ಕಚೇರಿಯಲ್ಲಿ ಗೋಗರೆಯುತ್ತಿದ್ದೇನೆ.

ದೋಣಿಗೊಂದು ಜಾತಕವೂ ಉಂಟು. 1972ರ ನವೆಂಬರ್ 1ರಿಂದ ಈ ದೇಶದಲ್ಲಿ ತಯಾರಾದ ದೋಣಿಗಳ ಹಿಂಬದಿಯ ಹಲಗೆಯ ಬಲಗಡೆ 12 ಅಕ್ಷರ-ಅಂಕಿಗಳ ಗುರುತು ಇರಲೇಬೇಕು. ನಿಮ್ಮದು 1979ರ ದೋಣಿ, ಇದ್ದೇ ಇರುತ್ತದೆ. ಆದರೆ ಎಲ್ಲಿ? ಮೇಲೆ ಹಸಿರು ಬಣ್ಣ, ಅದರಡಿ ಬಿಳಿ, ಅದರಡಿ ಮತ್ತೆ ಹಸಿರು. ಮೊದಲ ಹಸಿರು ನಿಮ್ಮ ಕೈಚಳಕ ಇರಬೇಕು, ಗಟ್ಟಿಯಾಗಿ ಬಳಿದಿದ್ದೀರಿ. ಒಂದು ಭಾನುವಾರ ಪೂರ್ತಿ ಕೆರೆದು, ಚಿಕ್ಕಂದಿನಲ್ಲಿ ನಾಲ್ಕಾಣೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೆ ಉಜ್ಜಿದೆ. ಹನ್ನೊಂದು ಮೂಡಿದವು. ಇನ್ನೊಂದು ಎಂಟೋ, ಇಂಗ್ಲಿಷಿನ ಬಿ ಅಕ್ಷರವೋ, ಆ ದೇವರೇ ಬಲ್ಲ. ಹೆಂಡತಿ ಎಂಟು ಎನ್ನುತ್ತಾಳೆ, ಮಗ ಬಿ ಎನ್ನುತ್ತಾನೆ. ಮನೆಯಲ್ಲಿ ಎರಡು ಪಕ್ಷಗಳಾಗಿವೆ. ದೋಣಿಯ ಹುಟ್ಟಿನ ದಾಖಲೆ ಒಂದೂ ಇಲ್ಲ, ಹುಟ್ಟು ಮಾತ್ರ ಎರಡಿವೆ.

ಟ್ರೇಲರಿನ ಕತೆ ಇನ್ನೂ ಚಿಕ್ಕದು. ಎತ್ತಿನ ಗಾಡಿಗೆ ಮೂಕಿ ಇರುವಂತೆ ಇದಕ್ಕೂ ಒಂದಿದೆ. ನಂಬರು ಅದರ ಮೇಲಿತ್ತಂತೆ. ಈಗ ಅಲ್ಲಿ ತುಕ್ಕಿದೆ. ಅಧಿಕಾರ ಪಡೆದವರೊಬ್ಬರು ಬಂದು ಕಣ್ಣಾರೆ ನೋಡಿ ಬರೆದುಕೊಡಬೇಕು. ತುಕ್ಕಿನಲ್ಲಿ ಅವರಿಗೇನು ಕಾಣುತ್ತದೋ, ಕಾಯುತ್ತಿದ್ದೇನೆ.

ನಾನೇನು ಕಾಗದದ ಮಹಿಮೆ ಅರಿಯದವನಲ್ಲ. ಶರಾವತಿಯ ಹಿನ್ನೀರಿನ ತುಮರಿ ಕಡೆಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ಮುಳುಗಿದವು. ಕಾಡಿನಂಚಿನಲ್ಲಿ ಬೇರೆ ಜಾಗ ತೋರಿಸಿದರು. ಮುಳುಗಿದ ಗದ್ದೆಯ ಕಂದಾಯದ ರಸೀದಿಗಳನ್ನು ಅಜ್ಜ ಸಾಯುವವರೆಗೂ ಟ್ರಂಕಿನಲ್ಲಿ ಇಟ್ಟಿದ್ದರು. ನೀರಿನಡಿಯ ನೆಲಕ್ಕೆ ಕಾಗದವಿತ್ತು, ಕಾಲಡಿಯ ನೆಲಕ್ಕೆ ಇರಲಿಲ್ಲ. ಅಲ್ಲಿನ ಅನೇಕ ಕುಟುಂಬಗಳು ಹಕ್ಕುಪತ್ರಕ್ಕಾಗಿ ಈಗಲೂ ಅಲೆಯುತ್ತಿವೆ. 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಸುತ್ತಿ ಬಳಸದೆ ಊರು ಮುಟ್ಟಲು ಹೊಳೆಬಾಗಿಲಿನ ಲಾಂಚೇ ಗತಿ. ಬಸ್ಸನ್ನೂ ನಮ್ಮನ್ನೂ ಒಟ್ಟಿಗೆ ಹೊತ್ತು ದಾಟಿಸುತ್ತಿದ್ದ ಆ ಲಾಂಚು ನನ್ನ ಹೆಸರನ್ನೂ ಕೇಳಿದ್ದಿಲ್ಲ. ದೋಣಿಯ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಆದ್ದರಿಂದ ನಿಮ್ಮ ಮೇಲೆ ಸಿಟ್ಟಿಲ್ಲ, ತುಸು ಹೊಟ್ಟೆಕಿಚ್ಚಿದೆ. ಮರಿನಾ ಬಾಡಿಗೆ ಇಲ್ಲ, ಎಂಜಿನ್ ಆಯಿಲ್ ಇಲ್ಲ, ಟಾರ್ಪಾಲಿನ ಮೇಲೆ ನಿಂತ ಮಳೆನೀರು ಚೆಲ್ಲುವ ಕೆಲಸವೂ ಇಲ್ಲ, ಆದರೂ ಒಡೆಯರು ನೀವು. ಇಂಥ ನಿರಾಳ ಒಡೆತನ ನಮ್ಮ ಕಡೆ ದೇವರಿಗೂ ಸಿಕ್ಕಿಲ್ಲ. ಅವನಿಗಾದರೂ ವರ್ಷಕ್ಕೊಮ್ಮೆ ತೇರು ಹತ್ತುವ ಕೆಲಸವಿದೆ.

ನೀವು ಸಿಗದಿದ್ದರೆ ಶ್ಯೂರಿಟಿ ಬಾಂಡ್ ಮಾಡಿಸುವ ದಾರಿಯೂ ಉಂಟಂತೆ. ನಾಳೆ ಯಾರಾದರೂ ಬಂದು ಇದು ತಮ್ಮದು ಎಂದರೆ ಅವರ ನಷ್ಟಕ್ಕೆ ಅದು ಜಾಮೀನು. ಈ ತೂತು ದೋಣಿಯನ್ನು ತಮ್ಮದು ಎನ್ನುವವರು ಬಂದರೆ ಜಾಮೀನು ಯಾಕೆ, ಊಟ ಹಾಕಿ ಕಳಿಸುತ್ತೇನೆ.

ಒಂದು ವಿಷಯ ಹೇಳದಿದ್ದರೆ ಅನ್ಯಾಯವಾದೀತು. ಎಂಜಿನ್ ಕಳಚಿ ಬರೀ ಹುಟ್ಟು ಹಾಕಿಕೊಂಡು ಹೋಗುವ ದೋಣಿಗೆ ಕ್ಯಾಲಿಫೋರ್ನಿಯಾದಲ್ಲಿ ನೋಂದಣಿಯೇ ಬೇಕಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಬೆಳಗ್ಗೆ ಎದ್ದು ಎಂಜಿನ್ ಬಿಚ್ಚಿ ಗ್ಯಾರೇಜಿಗೆ ಹಾಕಿದೆ. ಹುಟ್ಟು ಒರೆಸಿದೆ. ಕಾರಿಗೆ ಟ್ರೇಲರ್ ಸಿಕ್ಕಿಸಲು ಹೋದಾಗ ನೆನಪಾಯಿತು: ದೋಣಿಯನ್ನು ನೀರಿನವರೆಗೆ ಎಳೆಯುವ ಟ್ರೇಲರಿಗೆ ಪ್ಲೇಟು ಬೇಕೇ ಬೇಕು.

ಅರ್ಜಿಗಳನ್ನು ಇದರೊಂದಿಗೆ ಇಟ್ಟಿದ್ದೇನೆ, ಸ್ಟಾಂಪು ಹಚ್ಚಿದ ಲಕೋಟೆಯೂ ಇದೆ. ಎರಡೇ ಸಹಿ ಸಾಕು, ದೋಣಿಗೊಂದು, ಟ್ರೇಲರಿಗೊಂದು. ದಯವಿಟ್ಟು ಟ್ರೇಲರಿನದನ್ನು ಮೊದಲು ಹಾಕಿ. ತಿದ್ದಬೇಡಿ, ಅಳಿಸಬೇಡಿ, ವೈಟ್ನರ್ ಮುಟ್ಟಲೇಬೇಡಿ. ಹಾಗೆಯೇ ಆ ಹನ್ನೆರಡರಲ್ಲಿ ನಮಗೆ ಕಾಣದ ಒಂದು ಎಂಟೋ ಬಿಯೋ ನೆನಪಿದ್ದರೆ ಲಕೋಟೆಯ ಹಿಂದೆ ಬರೆಯಿರಿ, ಮನೆಯಲ್ಲಿ ಶಾಂತಿ ನೆಲೆಸಬೇಕಾಗಿದೆ.

ಇಂತಿ,
ನಿಮ್ಮ ದೋಣಿ ಕಾಯುತ್ತಿರುವವನು