‘ವ್ವಾಜ಼ೆಂ’ ಶಬ್ದ ಮೀಮಾಂಸೆ

ಫ್ರೆಂಚರು ನೆರೆಯವನನ್ನು ‘ವ್ವಾಜ಼ೆಂ’ ಎನ್ನುತ್ತಾರೆ. ಬರೆಯುವಾಗ ಕೊನೆಗೊಂದು ನಕಾರವುಂಟು. ಆಡುವಾಗ ಅದು ಮೂಗಿಗೇರುತ್ತದೆ. ಪಕ್ಕದ ಮನೆಯವನ ಹೆಸರೆತ್ತಿದರೆ ಮೂಗು ಮುರಿಯುವ ಲೋಕರೂಢಿ ಒಂದು ಭಾಷೆಯ ಉಚ್ಚಾರಣಾ ನಿಯಮವೇ ಆಗಿಹೋದದ್ದು ಹೀಗೆ. ನೆರೆಯವಳಾದರೆ ‘ವ್ವಾಜ಼ೀನ್’, ಆಗ ನಕಾರ ಸ್ಫುಟವಾಗಿ ಕೇಳುತ್ತದೆ. ಇದರ ಕಾರಣ ವಿವರಿಸಲು ಈ ಸಂಶೋಧಕನಿಗೆ ಮನೆಯಲ್ಲಿ ಅನುಮತಿಯಿಲ್ಲ.

ಪೂರ್ವಪಕ್ಷ: ಈ ಪದ ನಮ್ಮ ‘ವಾಸನೆ’ಯಿಂದ ಹುಟ್ಟಿದೆ, ನೆರೆಯವನು ಮೊದಲು ತಿಳಿಯುವುದು ಅವನ ಒಗ್ಗರಣೆಯಿಂದ. ವಾದ ಹೂಡಿದವನು ನಾನೇ, ಊಟಕ್ಕೆ ಮುಂಚೆ. ಉಂಡೆದ್ದ ಮೇಲೆ ಅದು ಬಿದ್ದುಹೋಯಿತು.

ಸಿದ್ಧಾಂತ: ಲ್ಯಾಟಿನ್ನಿನಲ್ಲಿ ‘ವೀಕುಸ್’ ಎಂದರೆ ಕೇರಿ, ಹಳ್ಳಿ. ಆ ಕೇರಿಯವನು ‘ವೀಕೀನುಸ್’. ಅವನೇ ಸವೆದು ಸವೆದು ವ್ವಾಜ಼ೆಂ ಆದ. ಗ್ರೀಕರ ‘ಒಯ್ಕೊಸ್’, ಅಂದರೆ ಮನೆ, ಇದೇ ಬೇರಿನದು. ಅದರಿಂದಲೇ ‘ಇಕಾನಮಿ’ ಬಂತು. ಒಂದು ಲೋಟ ಸಕ್ಕರೆ ಒಯ್ದು ಮುಕ್ಕಾಲು ಲೋಟ ಹಿಂದಿರುಗಿಸುವ ಶಾಸ್ತ್ರಕ್ಕೆ ಬೇರೆ ಮೂಲ ಹುಡುಕಬೇಕಿಲ್ಲ. ಸಂಸ್ಕೃತದ ‘ವಿಶ್’ ಧಾತುವೂ ಇದೇ ಕುಲದ್ದು. ಅದಕ್ಕೆ ಒಳಹೊಗು ಎಂದರ್ಥ. ಸಂಸ್ಕೃತದಲ್ಲಿ ನೆರೆಯವನು ‘ಪ್ರತಿವೇಶಿ’. ಅಂದಮೇಲೆ ಪ್ರತಿವೇಶಿಯೂ ‘ಪ್ರವೇಶ’ವೂ ದಾಯಾದಿಗಳು. ಹೆಪ್ಪು ಕೇಳಲು ಬಂದವರು ಹೊಸಿಲಲ್ಲೇ ನಿಲ್ಲುವುದಿಲ್ಲ, ವ್ಯಾಕರಣ ಬಿಡುವುದಿಲ್ಲ. ಕನ್ನಡಿಗರು ಇನ್ನೂ ಖಂಡಿತವಾದಿಗಳು: ಪಕ್ಕದವರಿಗೂ ಪ್ರವಾಹಕ್ಕೂ ‘ನೆರೆ’ ಎಂಬ ಒಂದೇ ಹೆಸರಿಟ್ಟು, ಸಾಲದೆಂದು ‘ಹೊರೆ’ಯನ್ನೂ ಜೋಡಿಸಿದರು.

ಇನ್ನು ಪ್ರಯೋಗಗಳು. 1680ರಲ್ಲಿ ಪ್ಯಾರಿಸಿನಲ್ಲಿ ವಿಷ, ಮಾಟಗಳ ಅಪರಾಧಕ್ಕೆ ಸುಡಲ್ಪಟ್ಟವಳು ‘ಲಾ ವ್ವಾಜ಼ೆಂ’. ಹೆಂಗಸಾದರೂ ಇವಳ ನಕಾರ ಮಾತ್ರ ಮೂಗಿನಲ್ಲೇ ಉಳಿಯಿತು. ಗಂಡನ ಮನೆತನದ ಹೆಸರು ಮೊನ್‌ವ್ವಾಜ಼ೆಂ, ಬಿಡಿಸಿದರೆ ‘ನನ್ನ ನೆರೆಯವ’. ಯಾರ ನೆರೆಯೆಂದು ಒಪ್ಪಿಕೊಳ್ಳಲು ಯಾರೂ ಮುಂದೆ ಬಂದಿರಲಾರರು. 1925ರಲ್ಲಿ ಲ ಕಾರ್ಬೂಸಿಯೆ, ಮುಂದೆ ಚಂಡೀಗಢ ಕಟ್ಟಿದವನು, ‘ಪ್ಲಾನ್ ವ್ವಾಜ಼ೆಂ’ ಮುಂದಿಟ್ಟ: ಪ್ಯಾರಿಸ್ ನಡುವಿನ ಕೇರಿಗಳನ್ನು ನೆಲಸಮ ಮಾಡಿ 18 ಗೋಪುರ ಎಬ್ಬಿಸುವುದು. ಹೆಸರು ಬಂದದ್ದು ಕಾರು, ವಿಮಾನ ತಯಾರಿಸುತ್ತಿದ್ದ ಗೇಬ್ರಿಯೆಲ್ ವ್ವಾಜ಼ೆಂನಿಂದ ಎನ್ನುತ್ತಾರೆ. ನನಗೆ ಅಷ್ಟು ಸರಳವೆನಿಸುವುದಿಲ್ಲ. ನೆರೆಯವರಿಂದ ಬಿಡುಗಡೆಗೆ ಇಷ್ಟು ಸಮಗ್ರವಾದ ನಕ್ಷೆ ಬೇರೊಂದಿಲ್ಲ.

2019ರಲ್ಲಿ ಫ್ರಾನ್ಸಿನ ಓಲೆರೋನ್ ದ್ವೀಪದ ಮೋರಿಸ್ ಎಂಬ ಹುಂಜದ ಕೂಗಿನ ಮೇಲೆ ನೆರೆಯವರು ಹೂಡಿದ ದಾವೆಯಲ್ಲಿ ಹುಂಜವೇ ಗೆದ್ದಿತು. 2021ರಲ್ಲಿ ಹಳ್ಳಿಗಾಡಿನ ಸದ್ದುಗಳನ್ನೂ ವಾಸನೆಗಳನ್ನೂ ಪರಂಪರೆಯ ಸೊತ್ತೆಂದು ಮಾನ್ಯಮಾಡುವ ಕಾನೂನೇ ಬಂತು.

ವಾಸನೆಗಳನ್ನೂ! ಬಿದ್ದ ಪೂರ್ವಪಕ್ಷವನ್ನು ಮತ್ತೆ ಎತ್ತಿ ನಿಲ್ಲಿಸಬೇಕಾಯಿತು. ಪಕ್ಕದ ಮನೆಯಲ್ಲಿ ಈಗಷ್ಟೇ ಇಂಗಿನ ಒಗ್ಗರಣೆ ಬಿದ್ದಿದೆ. ಸಂಶೋಧಕ ಲೋಟ ಹಿಡಿದು ಹೊರಟಿದ್ದಾನೆ.